ಕಿವಿಗೆ ಪೆಟ್ಟು ಬಿದ್ದಾಗ
(ಉಪನ್ಯಾಸದ ಬರಹರೂಪ)



ಮಲೆನಾಡಿನ ಪರಿಸರವನ್ನು ಕುರಿತ ವೇದಿಕೆಗಳಲ್ಲಿ ಕಾಡು, ಹೊಳೆ, ಗುಡ್ಡಕುಸಿತ, ಅಣೆಕಟ್ಟು, ಕಾಡುಪ್ರಾಣಿಗಳ ಹಾವಳಿ ಇವೆಲ್ಲ ಚರ್ಚೆಗೆ ಬರುತ್ತವೆ. ಈ ಗುಡ್ಡಬೆಟ್ಟಗಳ ನಡುವೆ ಮರ ಹತ್ತಿ, ಗುದ್ದಲಿ ಹಿಡಿದು ಬದುಕುವ ಮನುಷ್ಯನ ಮೈ ಮಾತ್ರ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ತೋಟದ ಮಣ್ಣು ಸವೆದರೆ ಆತಂಕಪಡುವ ಸಮಾಜ ತೋಟದಲ್ಲಿ ದುಡಿದವನ ಮೈ ಸವೆದಾಗಲೂ ಅಷ್ಟೇ ಆತಂಕಪಡುವುದು ನ್ಯಾಯ. ಇಂದಿನ ಮಾತು ಆ ಮೈಯ ಒಂದು ಚಿಕ್ಕ ಭಾಗವನ್ನು ಕುರಿತದ್ದು: ಕಿವಿ, ಮತ್ತು ಕಿವಿಯನ್ನು ತನ್ನೊಳಗೆ ಇರಿಸಿಕೊಂಡಿರುವ ಕಣತಲೆಯ ಮೂಳೆ.

ಕಿವಿಯ ತೊಂದರೆಗಳಲ್ಲಿ ಬಹುಪಾಲು ಜೀವಕ್ಕೆ ಅಪಾಯ ತರುವಂಥವಲ್ಲ. ಆ ಕಾರಣದಿಂದಲೇ ನಿಜವಾಗಿ ಅಪಾಯ ತರುವ ಕೆಲವನ್ನೂ ಜನ ಅದೇ ಗುಂಪಿಗೆ ಸೇರಿಸಿ ಸುಮ್ಮನಿರುತ್ತಾರೆ. ಕಿವಿನೋವಿಗೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಎಂಬುದು ಮನೆಮನೆಯ ರೂಢಿ. ಕಿವಿಯೊಳಗೆ ಹುಳ ಹೊಕ್ಕರೂ ಎಣ್ಣೆ, ಒಮ್ಮೆಗೇ ಕಿವಿ ಕೇಳದಾದರೂ ಎಣ್ಣೆ, ಬಿದ್ದು ಕಿವಿಯಿಂದ ರಕ್ತ ಬಂದರೂ ಎಣ್ಣೆ. ಈ ಮೂರರಲ್ಲಿ ಒಂದಕ್ಕೆ ಎಣ್ಣೆ ತಕ್ಕ ಉಪಾಯ, ಇನ್ನೊಂದಕ್ಕೆ ನಿರುಪಯುಕ್ತ, ಮತ್ತೊಂದಕ್ಕೆ ಅಪಾಯಕಾರಿ. ಕೈಯಿಡಬಾರದ ಕಡೆ ಕೈಯಿಡುವುದು, ಕಾಯಬಾರದ ಕಡೆ ಕಾಯುವುದು, ಈ ಎರಡು ತಪ್ಪುಗಳಿಂದಲೇ ಕಿವಿಗೆ ಹೆಚ್ಚಿನ ಹಾನಿಯಾಗುತ್ತದೆ.

ಮೊದಲು ಮೂಳೆಯ ಪರಿಚಯ ಅಗತ್ಯ. ಕಣ್ಣಿನ ಹೊರಕೋನಕ್ಕೂ ಕಿವಿಗೂ ನಡುವಿನ ಜಾಗವೇ ಕಣತಲೆ. ಅಲ್ಲಿಂದ ಕಿವಿಯ ಹಿಂದೆ ಕೈಗೆ ಸಿಗುವ ಉಬ್ಬಿನವರೆಗೆ ಹಬ್ಬಿ, ತಲೆಬುರುಡೆಯ ತಳದಲ್ಲಿ ಒಳಕ್ಕೆ ಚಾಚಿಕೊಂಡಿರುವುದು ಕಣತಲೆಯ ಮೂಳೆ. ಅದರ ಹೊರಭಾಗ ತೆಳುವಾದ ಹಲಗೆಯಂತಿದ್ದರೆ, ಒಳಗೆ ಚಾಚಿದ ಭಾಗ ಮನುಷ್ಯದೇಹದ ಅತ್ಯಂತ ಗಟ್ಟಿ ಮೂಳೆಗಳಲ್ಲಿ ಒಂದು. ವೈದ್ಯಶಾಸ್ತ್ರದಲ್ಲಿ ಆ ಭಾಗಕ್ಕಿರುವ ಲ್ಯಾಟಿನ್ ಹೆಸರಿನ ಅರ್ಥವೇ ಕಲ್ಲಿನಂಥದ್ದು ಎಂದು. ಸಾವಿರಾರು ವರ್ಷಗಳ ಹಿಂದಿನ ಅಸ್ಥಿಪಂಜರಗಳಿಂದ ಡಿಎನ್‌ಎ ತೆಗೆಯಹೊರಟ ಸಂಶೋಧಕರು ಇಂದು ಮೊದಲು ಹುಡುಕುವುದು ಈ ಕಲ್ಲುಮೂಳೆಯನ್ನೇ. ಉಳಿದ ಮೂಳೆಗಳು ಮಣ್ಣಾದರೂ ಇದು ತನ್ನೊಳಗಿನದನ್ನು ಕಾಪಾಡಿಕೊಂಡಿರುತ್ತದೆ.

ಪ್ರಕೃತಿ ಇಷ್ಟು ಗಟ್ಟಿಯಾದ ಪೆಟ್ಟಿಗೆಯನ್ನು ಮಾಡಿರುವುದಕ್ಕೆ ಅದರೊಳಗಿರುವ ವಸ್ತುಗಳೇ ಕಾರಣ. ದೊಡ್ಡವರಲ್ಲಿ ಸುಮಾರು 2.5 ಸೆಂಟಿಮೀಟರ್ ಉದ್ದದ ಕಿವಿಯ ಕೊಳವೆ, ಅದರ ತುದಿಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ತೆಳುವಾದ ಕಿವಿತಮಟೆ. ಅದರಾಚೆ ನಡುಗಿವಿಯಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಮೂಳೆಗಳು. ಇವುಗಳಲ್ಲಿ ರಿಕಾಪು ದೇಹದಲ್ಲೇ ಅತಿ ಚಿಕ್ಕದು, ಸುಮಾರು 3 ಮಿಲಿಮೀಟರ್. ಇನ್ನೂ ಒಳಗೆ ಶಬ್ದವನ್ನು ಗ್ರಹಿಸುವ, ಬಸವನಹುಳುವಿನ ಚಿಪ್ಪಿನಂಥ ಕಾಕ್ಲಿಯ. ಅದಕ್ಕೆ ಅಂಟಿಕೊಂಡಂತೆ ದೇಹದ ಸಮತೋಲನವನ್ನು ಕಾಯುವ ಮೂರು ಅರೆವರ್ತುಲ ನಾಳಗಳು. ಇವುಗಳ ನಡುವೆ ನುಸುಳಿಕೊಂಡು ಮುಖದ ನರ ಸಾಗುತ್ತದೆ. ಮೂಳೆಯ ಒಳಗೆ ಇಷ್ಟು ದೂರ, ಅಂದರೆ ಸುಮಾರು 3 ಸೆಂಟಿಮೀಟರ್, ಪಯಣಿಸುವ ನರ ದೇಹದಲ್ಲಿ ಬೇರೊಂದಿಲ್ಲ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಧಮನಿಯೂ ಇದೇ ಮೂಳೆಯ ಮೂಲಕ ಹಾಯುತ್ತದೆ. ಮೂಳೆಯ ಮೇಲ್ಛಾವಣಿಯ ಆಚೆಗೆ ಮಿದುಳು. ಆದ್ದರಿಂದ ಈ ಮೂಳೆ ಬಿರಿಯಿತೆಂದರೆ ಕಿವಿಯೊಂದರ ಪ್ರಶ್ನೆಯಾಗಿ ಅದು ಉಳಿಯುವುದಿಲ್ಲ.

ಇಷ್ಟು ಗಟ್ಟಿಯಾದ ಮೂಳೆ ಬಿರಿಯಲು ದೊಡ್ಡ ಪೆಟ್ಟೇ ಬೇಕು. ಮಲೆನಾಡಿನಲ್ಲಿ ಅಂಥ ಪೆಟ್ಟು ಎರಡು ದಾರಿಗಳಿಂದ ಬರುತ್ತದೆ: ಘಾಟಿಯ ತಿರುವಿನಲ್ಲಿ ಜಾರುವ ಬೈಕು ಮತ್ತು ಅಡಕೆ ಮರ.

ಬೈಕಿನ ಮಾತನ್ನು ಒಂದೇ ವಾಕ್ಯದಲ್ಲಿ ಮುಗಿಸಬಹುದು: ಕೊರಳಪಟ್ಟಿ ಕಟ್ಟದ ಹೆಲ್ಮೆಟ್ಟು ಬೀಳುವ ಮೊದಲೇ ತಲೆಯನ್ನು ಬಿಟ್ಟುಹೋಗುತ್ತದೆ. ಅಡಕೆ ಮರದ ಮಾತು ಹೆಚ್ಚು ವಿವರ ಬೇಡುತ್ತದೆ. ಹಳೆಯ ತೋಟಗಳಲ್ಲಿ 15 ಮೀಟರಿಗೂ ಮೀರಿ ಬೆಳೆದ ಮರಗಳಿವೆ. ಕೊನೆ ಕೊಯ್ಯುವವರು, ಕೆಲವೆಡೆ ಕೊನೆಗೌಡ, ಕೆಲವೆಡೆ ಕೊನೆಗಾರ ಎಂದು ಕರೆಯಲ್ಪಡುವವರು, ಕಾಲಿಗೆ ತಳೆ ಹಾಕಿ ಒಂದು ಮರ ಹತ್ತಿ, ಮೇಲಿನಿಂದಲೇ ಪಕ್ಕದ ಮರವನ್ನು ಎಳೆದುಕೊಂಡು ದಾಟುತ್ತಾರೆ. ಕೊಯ್ಲು ಮಳೆ ನಿಂತ ಮೇಲಿನದು. ಆದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮುಂಗಾರಿನ ಆರಂಭದಲ್ಲಿ, ಮತ್ತೆ 40–45 ದಿನಗಳ ಬಳಿಕ, ಅಂದರೆ ಕಾಂಡವೆಲ್ಲ ಹಾವಸೆ ಹಿಡಿದು ಜಾರುವ ಹೊತ್ತಿನಲ್ಲಿ. ಎರಡು ಮಳೆಗಳ ನಡುವೆ ಸಿಗುವ ಹೊಳವಿನಲ್ಲಿ ಕೆಲಸ ಮುಗಿಸುವ ಧಾವಂತ ಬೇರೆ. ಕಾಲು ಜಾರಿದರೆ ಬೀಳುವುದು ಮೆತ್ತನೆಯ ನೆಲದ ಮೇಲೇ ಎಂಬ ಭರವಸೆಯಿಲ್ಲ. ಬಸಿಗಾಲುವೆಯ ಅಂಚು, ಕಲ್ಲು, ಪಕ್ಕದ ಮರದ ಬೊಡ್ಡೆ ಎಲ್ಲಿ ಬೇಕಾದರೂ ತಲೆಯ ಪಕ್ಕ ಬಡಿಯಬಹುದು.

ಬಿದ್ದವರ ಬೆನ್ನು, ಕಾಲು, ಸೊಂಟದ ಕಡೆಗೇ ಸುತ್ತಲಿನವರ ಗಮನ ಹೋಗುವುದು ಸಹಜ. ಕಿವಿಯನ್ನು ನೋಡುವವರು ಕಡಿಮೆ. ಆದರೆ ಕಣತಲೆಯ ಮೂಳೆ ಬಿರಿದಿದೆ ಎಂಬ ಸುಳಿವು ಮೊದಲು ಸಿಗುವುದು ಅಲ್ಲಿಯೇ. ಕಿವಿಯಿಂದ ರಕ್ತ ಇಳಿಯುತ್ತಿರಬಹುದು. ರಕ್ತದ ಜೊತೆಗೆ ಅಥವಾ ರಕ್ತ ನಿಂತ ಮೇಲೆ ನೀರಿನಂಥ ತಿಳಿದ್ರವ ತೊಟ್ಟಿಕ್ಕುತ್ತಿರಬಹುದು. ಈ ತಿಳಿದ್ರವ ಮಿದುಳನ್ನೂ ಬೆನ್ನುಹುರಿಯನ್ನೂ ಆವರಿಸಿಕೊಂಡಿರುವ ದ್ರವ. ಬಿಳಿಯ ಬಟ್ಟೆಯ ಮೇಲೆ ಬಿದ್ದ ಹನಿಯಲ್ಲಿ ನಡುವೆ ಕೆಂಪು, ಸುತ್ತ ತಿಳಿಯಾದ ಉಂಗುರ ಮೂಡಿದರೆ ಮಿದುಳಿನ ದ್ರವ ಬೆರೆತಿರಬಹುದೆಂದು ಶಂಕಿಸಬೇಕು. ಉಂಗುರ ಮೂಡದಿದ್ದ ಮಾತ್ರಕ್ಕೆ ಶಂಕೆ ಬಿಡುವಂತಿಲ್ಲ. ಕಿವಿತಮಟೆ ಹರಿಯದೆ ಉಳಿದಿದ್ದರೆ ಈ ದ್ರವ ಕಿವಿಯಿಂದ ಹೊರಬಾರದೆ ನಡುಗಿವಿಯಿಂದ ಗಂಟಲಿಗೆ ಹೋಗುವ ಕೊಳವೆಯ ಮೂಲಕ ಇಳಿಯುತ್ತದೆ. ಆಗ ಬಗ್ಗಿದರೆ ಮೂಗಿನಿಂದ ನೀರು ಸುರಿಯುತ್ತದೆ, ಗಂಟಲಲ್ಲಿ ಉಪ್ಪಿನ ರುಚಿ ಬರುತ್ತದೆ. ಇದನ್ನು ನೆಗಡಿಯೆಂದು ತಿಳಿದು ಮೂಗು ಸೀನಿಸಲು ಹೇಳಬಾರದು. ಸೀನಿದರೆ ಗಾಳಿಯ ಒತ್ತಡದಿಂದ ಮೂಗಿನೊಳಗಿನ ಕ್ರಿಮಿಗಳು ಮಿದುಳಿನ ಪೊರೆಯವರೆಗೆ ತಳ್ಳಲ್ಪಡುವ ಸಂಭವವಿದೆ.

ಇನ್ನೊಂದು ಚಿಹ್ನೆ ತಡವಾಗಿ ಬರುವಂಥದ್ದು. ಕಿವಿಯ ಹಿಂದಿನ ಉಬ್ಬಿನ ಮೇಲೆ, ಅಲ್ಲಿಗೆ ನೇರವಾಗಿ ಪೆಟ್ಟು ಬೀಳದಿದ್ದರೂ, ಒಂದೆರಡು ದಿನಗಳಲ್ಲಿ ನೀಲಿಗಟ್ಟಿದ ಕಲೆ ಮೂಡುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇದನ್ನು ಗುರುತಿಸಿದ ಇಂಗ್ಲೆಂಡಿನ ಶಸ್ತ್ರವೈದ್ಯ ವಿಲಿಯಂ ಹೆನ್ರಿ ಬ್ಯಾಟಲ್ ಅವರ ಹೆಸರನ್ನೇ ಈ ಚಿಹ್ನೆಗೆ ಇಡಲಾಗಿದೆ. ಬಿದ್ದ ದಿನ ಏನೂ ಆಗಿಲ್ಲವೆಂದು ಮನೆಗೆ ಬಂದವರ ಕಿವಿಯ ಹಿಂದೆ ಮೂರನೆಯ ದಿನ ಇಂಥ ಕಲೆ ಕಂಡರೆ, ಮೈಗೆ ಅರಿಸಿನ ಹಚ್ಚಿ ಮಲಗಿಸದೆ, ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದೊಯ್ಯಬೇಕು.

ಈ ಸ್ಥಿತಿಯಲ್ಲಿ ಕಿವಿಗೆ ಮಾಡಬೇಕಾದ ಪ್ರಥಮ ಚಿಕಿತ್ಸೆ ಬಹಳ ಸರಳ, ಆದ್ದರಿಂದಲೇ ಪಾಲಿಸಲು ಕಷ್ಟ. ಕಿವಿಯೊಳಕ್ಕೆ ಏನನ್ನೂ ಹಾಕಬಾರದು. ಎಣ್ಣೆ ಬೇಡ, ಸೊಪ್ಪಿನ ರಸ ಬೇಡ, ಮದ್ದಿನಂಗಡಿಯ ಹನಿಯೂ ಬೇಡ. ರಕ್ತ ನಿಲ್ಲಿಸಲೆಂದು ಹತ್ತಿಯನ್ನು ಗಿಡಿಯಬಾರದು. ಒಳಗಿನಿಂದ ಹರಿದುಬರುವುದಕ್ಕೆ ದಾರಿ ಬಿಟ್ಟು, ಮೇಲೆ ಒಂದು ಶುಭ್ರ ಬಟ್ಟೆಯನ್ನು ಸಡಿಲವಾಗಿ ಇರಿಸಿದರೆ ಸಾಕು. ಮನೆಯ ಎಣ್ಣೆ ವಿಷವೇನೂ ಅಲ್ಲ. ಆದರೆ ತಮಟೆ ಹರಿದು, ಮೂಳೆ ಬಿರಿದು, ಮಿದುಳಿನ ಪೊರೆಯವರೆಗೆ ತೆರೆದ ದಾರಿಯಿದ್ದಾಗ ಹೊರಗಿನಿಂದ ಹಾಕಿದ ಯಾವ ಹನಿಯಾದರೂ ಕ್ರಿಮಿಗಳನ್ನು ಹೊತ್ತು ಒಳಕ್ಕೆ ಹೋಗುತ್ತದೆ.

ಸಾಗಿಸುವ ಬಗೆಯೂ ಮುಖ್ಯ. ತಲೆಗೆ ಇಂಥ ಪೆಟ್ಟು ಬಿದ್ದಲ್ಲಿ ಕುತ್ತಿಗೆಯ ಮೂಳೆಗೂ ಏಟಾಗಿರಬಹುದೆಂದೇ ಭಾವಿಸಬೇಕು. ರಸ್ತೆಯಿಲ್ಲದ ಹಳ್ಳಿಗಳಲ್ಲಿ ಕಂಬಳಿಯನ್ನು ಗಳುವಿಗೆ ಕಟ್ಟಿ ಜೋಲಿ ಮಾಡಿ ರೋಗಿಯನ್ನು ಹೊರುವ ಪದ್ಧತಿ ಇಂದಿಗೂ ಇದೆ. ಜ್ವರದವರಿಗೆ, ಬಸುರಿಯರಿಗೆ ಅದು ಎಷ್ಟೋ ಸಲ ಜೀವ ಉಳಿಸಿದೆ. ಮರದಿಂದ ಬಿದ್ದವರಿಗೆ ಮಾತ್ರ ಜೋಲಿ ಸಲ್ಲದು, ಅದರಲ್ಲಿ ಕುತ್ತಿಗೆ ಮಡಿಚುತ್ತದೆ. ತೋಟದ ಮನೆಯಲ್ಲಿ ಹಲಗೆಯೋ ಏಣಿಯೋ ಇದ್ದೇ ಇರುತ್ತದೆ. ಏಣಿಯ ಮೇಲೆ ಕಂಬಳಿ ಮಡಿಸಿ ಹಾಸಿ, ತಲೆ ಕುತ್ತಿಗೆ ಬೆನ್ನು ಒಂದೇ ಗೆರೆಯಲ್ಲಿ ಇರುವಂತೆ ನಾಲ್ವರು ಒಟ್ಟಿಗೆ ಹೊರಳಿಸಿ ಮಲಗಿಸಬೇಕು. ಒಬ್ಬರು ತಲೆಯನ್ನು ಎರಡೂ ಕೈಗಳಿಂದ ಹಿಡಿದೇ ಇರಬೇಕು. ವಾಂತಿ ಬಂದರೆ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ನೀರು ಬಿಡುವ ಕರುಣೆಯನ್ನು ಯಾರೂ ತೋರಬಾರದು.

ಹೀಗೆ ಸೋರುವ ದ್ರವವನ್ನು ಕಂಡು ಧೈರ್ಯಗೆಡಬೇಕಾಗಿಲ್ಲ. ಅಮೆರಿಕದ ಬ್ರೋಡಿ ಮತ್ತು ಥಾಮ್ಸನ್ ಎಂಬ ವೈದ್ಯರು ಕಣತಲೆಯ ಮೂಳೆಯ 820 ಮುರಿತಗಳನ್ನು ಪರಿಶೀಲಿಸಿ 1997ರಲ್ಲಿ ಪ್ರಕಟಿಸಿದ ವರದಿಯಲ್ಲಿ 122 ಕಡೆ ಮಿದುಳಿನ ದ್ರವ ಸೋರಿತ್ತು. ಅವುಗಳಲ್ಲಿ 95 ಸೋರಿಕೆಗಳು ಒಂದು ವಾರದೊಳಗೆ ತಾವಾಗಿ ನಿಂತವು. ಹಾಸಿಗೆಯಲ್ಲಿ ತಲೆಯನ್ನು ತುಸು ಎತ್ತರದಲ್ಲಿರಿಸಿ, ಕೆಮ್ಮು ಮತ್ತು ಮಲಬದ್ಧತೆಯಿಂದ ಮುಕ್ಕರಿಯದಂತೆ ನೋಡಿಕೊಳ್ಳುವುದೇ ಅಲ್ಲಿ ದೊಡ್ಡ ಚಿಕಿತ್ಸೆ. ಒಂದು ವಾರ ಕಳೆದೂ ಸೋರುತ್ತಲೇ ಇದ್ದರೆ ಮಿದುಳುಪೊರೆಯ ಸೋಂಕಿನ ಅಪಾಯ ಏರುತ್ತದೆ. ಆದ್ದರಿಂದ ಆಸ್ಪತ್ರೆಯವರು ಇರಿ ಎಂದಷ್ಟು ದಿನ ಇರಲೇಬೇಕು. ಕೊಯ್ಲಿನ ಕಾಲವೆಂದು ಸಹಿ ಹಾಕಿ ಮನೆಗೆ ಬರುವುದು ತರವಲ್ಲ.

ಈಗ ಮುಖದ ನರದ ವಿಷಯ. ಹಳ್ಳಿಯವರು ಮಾಡಬಹುದಾದ, ನಗರದ ದೊಡ್ಡ ಯಂತ್ರಗಳೂ ಆಮೇಲೆ ಮಾಡಲಾರದ ಒಂದು ಕೆಲಸ ಇಲ್ಲಿದೆ. ಗಾಯಾಳು ಎಚ್ಚರದಲ್ಲಿದ್ದರೆ ಬಿದ್ದ ಕೂಡಲೇ ಎರಡೂ ಕಣ್ಣು ಬಿಗಿಯಾಗಿ ಮುಚ್ಚಲು, ಹಲ್ಲು ತೋರಿಸಲು, ಹುಬ್ಬು ಏರಿಸಲು ಹೇಳಬೇಕು. ಎರಡೂ ಬದಿ ಸಮನಾಗಿ ಆಡಿತೆ, ಇಲ್ಲವೆ? ನೋಡಿದ ಹೊತ್ತನ್ನು ಗಡಿಯಾರ ನೋಡಿ ಚೀಟಿಯಲ್ಲಿ ಬರೆದಿಡಬೇಕು. ದಾರಿಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ ಮತ್ತೆ ನೋಡಿ ಬರೆಯಬೇಕು. ಕಾರಣವಿಷ್ಟೆ. ಬಿದ್ದ ಕ್ಷಣದಿಂದಲೇ ಮುಖದ ಒಂದು ಬದಿ ಪೂರ್ತಿ ಸೊಟ್ಟಗಾಗಿದ್ದರೆ ನರ ತುಂಡಾಗಿರುವ ಅಥವಾ ಮೂಳೆಯ ಚೂರಿನ ಕೆಳಗೆ ನಲುಗಿರುವ ಸಂಭವ ಹೆಚ್ಚು. ಅಲ್ಲಿ ಶಸ್ತ್ರಚಿಕಿತ್ಸೆಯ ಯೋಚನೆ ಬೇಕಾಗುತ್ತದೆ. ಮೊದಲು ಸರಿಯಾಗಿದ್ದು ಎರಡು ದಿನ ಬಿಟ್ಟು ಸೊಟ್ಟಗಾದರೆ ಅದು ಬಹುಮಟ್ಟಿಗೆ ನರದ ಬಾವು, ಔಷಧದಿಂದಲೇ ಸರಿಹೋಗುವ ಸಾಧ್ಯತೆ ಹೆಚ್ಚು. ಎರಡೂ ಸಂದರ್ಭಗಳಲ್ಲಿ ಐದನೆಯ ದಿನ ನೋಡಿದ ತಜ್ಞರಿಗೆ ಕಾಣುವ ಮುಖ ಒಂದೇ. ಸೊಟ್ಟಗಾದದ್ದು ಯಾವಾಗ ಎಂಬುದನ್ನು ಸ್ಕ್ಯಾನ್ ತೋರಿಸುವುದಿಲ್ಲ, ಬಿದ್ದಲ್ಲಿದ್ದವರ ಚೀಟಿ ತೋರಿಸುತ್ತದೆ. ಮುಚ್ಚಲಾಗದ ಕಣ್ಣು ಒಣಗಿ ಹುಣ್ಣಾಗದಂತೆ ರೆಪ್ಪೆಯನ್ನು ಮೆಲ್ಲಗೆ ಇಳಿಸಿ ಬಟ್ಟೆಯ ಮರೆ ಮಾಡುವುದೂ ದಾರಿಯಲ್ಲೇ ಆಗಬೇಕಾದ ಕೆಲಸ.

ಕೇಳುವ ಶಕ್ತಿಯ ಬಗ್ಗೆ ವಿದ್ಯಾರ್ಥಿಗಳು ಇಲ್ಲಿಯೇ ಕುಳಿತು ಒಂದು ಪ್ರಯೋಗ ಮಾಡಬಹುದು. ಒಂದು ಕಿವಿಯನ್ನು ಬೆರಳಿನಿಂದ ಮುಚ್ಚಿ, ಬಾಯಿ ಮುಚ್ಚಿಕೊಂಡು ‘ಹೂಂ’ ಎಂದು ಗುನುಗಬೇಕು. ಶಬ್ದ ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿಸುತ್ತದೆ. ಶಾಲೆಯ ಪ್ರಯೋಗಾಲಯದ ಶ್ರುತಿಕವೆಯನ್ನು ಮಿಡಿದು ಹಣೆಯ ನಡುವೆ ಇಟ್ಟರೂ ಹೀಗೆಯೇ. ಜರ್ಮನಿಯ ಎರ್ನ್‌ಸ್ಟ್ ಹೈನ್‌ರಿಶ್ ವೆಬರ್ ಅವರ ಹೆಸರಿನ ಈ ಪರೀಕ್ಷೆಯನ್ನು ಕಿವಿತಜ್ಞರು ಇಂದಿಗೂ 512 ಹರ್ಟ್ಸ್‌ನ ಕವೆಯಿಂದ ಮಾಡುತ್ತಾರೆ. ಪೆಟ್ಟಿನಿಂದ ಕಿವಿ ಮಂದವಾದವರು ಗುನುಗಿದಾಗ ಶಬ್ದ ಮಂದವಾದ ಕಿವಿಯ ಕಡೆಗೇ ವಾಲಿದರೆ, ಒಳಗೆ ರಕ್ತ ತುಂಬಿಯೋ ತಮಟೆ ಹರಿದೋ ಪುಟ್ಟ ಮೂಳೆಗಳು ಕಳಚಿಯೋ ದಾರಿಗೆ ಅಡ್ಡಿಯಾಗಿದೆ ಎಂದರ್ಥ. ರಕ್ತ ತಾನಾಗಿ ಇಂಗುತ್ತದೆ, ಕಳಚಿದ್ದನ್ನು ಆಮೇಲೆ ಜೋಡಿಸಲು ಬರುತ್ತದೆ. ಶಬ್ದ ಒಳ್ಳೆಯ ಕಿವಿಯ ಕಡೆಗೆ ವಾಲಿದರೆ ಒಳಗಿವಿಗೋ ಅದರ ನರಕ್ಕೋ ಪೆಟ್ಟಾಗಿದೆಯೆಂದು ಶಂಕಿಸಬೇಕು, ಆಗ ತಡಮಾಡುವಂತಿಲ್ಲ.

ಇದೇ ಪರೀಕ್ಷೆ ಪೆಟ್ಟಿಲ್ಲದ ಇನ್ನೊಂದು ಸಂದರ್ಭದಲ್ಲೂ ಉಪಯುಕ್ತ. ರಾತ್ರಿ ಸರಿಯಾಗಿದ್ದವರು ಬೆಳಗ್ಗೆ ಎದ್ದಾಗ ಒಂದು ಕಿವಿ ಪೂರ್ತಿ ಕೇಳದಾಗಿರುವುದುಂಟು. ಗುಗ್ಗೆ ಕಟ್ಟಿದೆ, ಶೀತ ಆಗಿದೆ ಎಂದು ಎಣ್ಣೆ ಬಿಟ್ಟು ತಿಂಗಳುಗಟ್ಟಲೆ ಕಾಯುವವರಿದ್ದಾರೆ. ಒಳಗಿವಿಯ ಹಠಾತ್ ಕಿವುಡಾದರೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರಗಳಲ್ಲಿ ಆರಂಭವಾದರೆ ಮಾತ್ರ ಫಲದ ಆಸೆ. ಎಣ್ಣೆ ಇಲ್ಲಿ ಕೆಡುಕು ಮಾಡುವುದಿಲ್ಲ, ದಿನಗಳನ್ನು ತಿನ್ನುತ್ತದೆ. ಕಿವಿಯ ಸುತ್ತ ನೋವಿನ ಗುಳ್ಳೆಗಳೆದ್ದು ಮುಖ ಸೊಟ್ಟಗಾದರೆ ಅದು ಕಿವಿಗೆ ಬಂದ ಸರ್ಪಸುತ್ತು. ಅಲ್ಲಂತೂ ಮೂರು ದಿನದೊಳಗೆ ವೈರಸ್ ನಿರೋಧಕ ಔಷಧ ಸಿಗುವುದು ಉತ್ತಮ. ಕೆಮ್ಮಣ್ಣು ಹಚ್ಚಿಸುವ ನಂಬಿಕೆಯಿದ್ದವರು ಹಚ್ಚಿಸಲಿ, ಆಸ್ಪತ್ರೆಗೆ ಹೊರಟ ದಾರಿಯಲ್ಲಿ.

ಮರ ಹತ್ತುವವರ ಪಾಲಿಗೆ ಒಳಗಿವಿಯ ಇನ್ನೊಂದು ಅಂಗ ಶ್ರವಣಕ್ಕಿಂತಲೂ ಮುಖ್ಯ. ಮರದ ತುದಿಯಲ್ಲಿ ಮೈ ಓಲಾಡುವಾಗ ಮೇಲಾವುದು ಕೆಳಗಾವುದು ಎಂದು ಮಿದುಳಿಗೆ ಹೇಳುತ್ತಿರುವುದು ಆ ಅರೆವರ್ತುಲ ನಾಳಗಳು ಮತ್ತು ಅವುಗಳ ಬುಡದಲ್ಲಿರುವ ಸೂಕ್ಷ್ಮ ಸುಣ್ಣದ ಹರಳುಗಳು. ತಲೆಗೆ ಪೆಟ್ಟು ಬಿದ್ದಾಗ ಈ ಹರಳುಗಳು ಕಳಚಿ ನಾಳದೊಳಗೆ ಸೇರಿಕೊಳ್ಳುವುದುಂಟು. ಅಂಥವರಿಗೆ ಕುಳಿತಿದ್ದಾಗ ಏನೂ ಇಲ್ಲ. ಮಗ್ಗುಲು ಬದಲಿಸಿದಾಗ, ತಲೆಯೆತ್ತಿ ಮೇಲೆ ನೋಡಿದಾಗ ಕೆಲವು ಕ್ಷಣ ಲೋಕವೇ ಗಿರ್ರನೆ ತಿರುಗುತ್ತದೆ. ಕೊನೆಗಾರರ ಕೆಲಸದಲ್ಲಿ ತಲೆಯೆತ್ತಿ ನೋಡದೆ ಒಂದು ನಿಮಿಷವೂ ಸಾಗದು. ಎಲುಬು ಕೂಡಿತು, ಗಾಯ ಮಾಯಿತು ಎಂದು ಮತ್ತೆ ಮರ ಹತ್ತಿದವರು ಎರಡನೆಯ ಬಾರಿ ಬೀಳುವುದಕ್ಕೆ ಇಷ್ಟು ಸಾಕು. ಈ ಹರಳಿನ ತೊಂದರೆಗೆ ತಜ್ಞರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಸ್ವಸ್ಥಾನಕ್ಕೆ ಮರಳಿಸುವ ವಿಧಾನವಿದೆ, ಶಸ್ತ್ರಚಿಕಿತ್ಸೆ ಬೇಕಿಲ್ಲ. ತಲೆಗೆ ಪೆಟ್ಟು ತಿಂದವರನ್ನು ಸಮತೋಲನದ ಪರೀಕ್ಷೆಯಿಲ್ಲದೆ ಮರಕ್ಕೆ ಹತ್ತಿಸುವ ತೋಟದ ಯಜಮಾನರು ಆ ಎರಡನೆಯ ಬೀಳುವಿಕೆಗೆ ಹೊಣೆಗಾರರು ಎಂದೇ ಹೇಳಬೇಕಾಗುತ್ತದೆ.

ನೆಲದಲ್ಲಿ ನಿಂತೇ ಕೊಯ್ಯುವ, ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿಗಳು ಇತ್ತೀಚಿನ ವರ್ಷಗಳಲ್ಲಿ ತೋಟಗಳಿಗೆ ಬಂದಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕರೊಬ್ಬರು ರೂಪಿಸಿದ, ಅಡಕೆ ಮರ ಏರುವ ಯಂತ್ರ 2019ರಲ್ಲಿ ದೇಶದ ಗಮನ ಸೆಳೆಯಿತು. ದೋಟಿಯ ಬೆಲೆ ಸಣ್ಣ ಹಿಡುವಳಿದಾರರಿಗೆ ಭಾರವೆಂಬುದು ನಿಜ, ಆದರೆ ಕೇರಿಗೊಂದು ಕೊಳ್ಳುವುದು ಅಸಾಧ್ಯವಲ್ಲ. ಹತ್ತಲೇಬೇಕಾದಲ್ಲಿ ಸೊಂಟಪಟ್ಟಿಯೂ ಕಣತಲೆಯನ್ನು ಮುಚ್ಚುವ ಶಿರಸ್ತ್ರಾಣವೂ ಕೂಲಿಯ ಭಾಗವೆಂದೇ ಪರಿಗಣಿತವಾಗಬೇಕು.

ಮೂಳೆ ಬಿರಿಯದೆ ಕಿವಿತಮಟೆ ಮಾತ್ರ ಹರಿಯುವ ಪ್ರಸಂಗಗಳು ಇನ್ನೂ ಸಾಮಾನ್ಯ. ಹೊಳೆಗುಂಡಿಗೆ ಹಾರಿದ ಹುಡುಗರ ಕಿವಿಗೆ ನೀರು ಅಪ್ಪಳಿಸುವುದರಿಂದ, ಗುಗ್ಗೆ ತೆಗೆಯಲು ಹಾಕಿದ ಹೇರ್‌ಪಿನ್ನಿನಿಂದ, ಕಪಾಳಕ್ಕೆ ಬಿದ್ದ ಏಟಿನಿಂದ ತಮಟೆ ಹರಿಯುತ್ತದೆ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ನಿಷೇಧಿಸಿದೆ. ಮನೆಯಲ್ಲಿ ಬೀಳುವ ಏಟಿಗೂ ತಮಟೆ ಅಷ್ಟೇ ತೆಳು. ಇಂಥ ಹರಕುಗಳಲ್ಲಿ ಹೆಚ್ಚಿನವು ಕೆಲವು ವಾರಗಳಲ್ಲಿ ತಾವಾಗಿ ಕೂಡಿಕೊಳ್ಳುತ್ತವೆ. ಕಿವಿಗೆ ನೀರು ಸೋಕದಂತೆ ನೋಡಿಕೊಂಡು, ಎಣ್ಣೆ ಹಾಕದೆ, ವೈದ್ಯರಿಗೆ ಒಮ್ಮೆ ತೋರಿಸಿ ಬಿಟ್ಟುಬಿಡುವುದೇ ಚಿಕಿತ್ಸೆ. ಜೋರು ತಲೆತಿರುಗು ಇದ್ದರೆ ಮಾತ್ರ ಅದೇ ದಿನ ತಜ್ಞರಿಗೆ ತೋರಿಸಬೇಕು.

ಸಿಡಿಲು ಬಡಿದವರಲ್ಲೂ ತಮಟೆ ಹರಿಯುವುದು ಸಾಮಾನ್ಯ. ಮುಂಗಾರಿಗೆ ಮೊದಲು, ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಗುಡ್ಡದ ಮೇಲೆ ದನ ಕಾಯುವವರಿಗೆ ಈ ಅಪಾಯವಿದೆ. ಸಿಡಿಲು ಬಡಿದವರು ಕೂಗಿದರೆ ಓಗೊಡುವುದಿಲ್ಲ. ಕಿವಿಯೇ ಕೇಳದಿರುವುದು ಅದಕ್ಕೊಂದು ಕಾರಣವಿರಬಹುದು. ಓಗೊಡಲಿಲ್ಲವೆಂದು ಸತ್ತರೆಂದು ಬಗೆದು ಬಿಟ್ಟುಬರಬಾರದು. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ, ಮುಟ್ಟಿದರೆ ಅಪಾಯವಿಲ್ಲ. ಉಸಿರಿಲ್ಲದಿದ್ದರೆ ಎದೆಯನ್ನು ಒತ್ತುವ ಪ್ರಥಮ ಚಿಕಿತ್ಸೆ ಕೂಡಲೇ ಆರಂಭವಾಗಬೇಕು.

ಮಂಗ, ಹಂದಿ, ಆನೆಗಳನ್ನು ಬೆದರಿಸಲು ಸಿಡಿಸುವ ಗರ್ನಾಲು ಮತ್ತು ಕೋವಿಯ ವಿಷಯವನ್ನು ಪರಿಸರದ ವೇದಿಕೆಯಲ್ಲಿ ಮುಚ್ಚಿಡುವುದು ಸರಿಯಲ್ಲ. ಬೆಳೆ ಕಳೆದುಕೊಂಡವರ ಸಂಕಟ ನಿಜ. ಆದರೆ ಕಿವಿಯ ಹತ್ತಿರ ಸಿಡಿದ ಒಂದೇ ಸದ್ದು ಒಳಗಿವಿಯ ಸೂಕ್ಷ್ಮ ಕೇಶಕೋಶಗಳನ್ನು ಕೊಲ್ಲಬಲ್ಲದು, ಮನುಷ್ಯನಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ಮಂಗ ನಾಳೆಯೂ ಬರುತ್ತದೆ, ಹೋದ ಕಿವಿ ಬರುವುದಿಲ್ಲ. ಮರ ಕೊಯ್ಯುವ ಗರಗಸ ಯಂತ್ರದ ಸದ್ದು ಸಾಮಾನ್ಯವಾಗಿ 100 ಡೆಸಿಬೆಲ್ ಮೀರುತ್ತದೆ. 85 ಡೆಸಿಬೆಲ್‌ನ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದೆಂದು ಇಟ್ಟುಕೊಂಡರೆ, ಪ್ರತಿ 3 ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧವಾಗುತ್ತದೆ. 100ಕ್ಕೆ ಉಳಿಯುವುದು 15 ನಿಮಿಷ. ದಿನವಿಡೀ ಕಳೆ ಕೊಚ್ಚುವ ಯಂತ್ರ ಹೊತ್ತು ತಿರುಗುವ ಯುವಕರು ಕಿವಿಗೆ ರಕ್ಷಾಕವಚ ಧರಿಸುವುದನ್ನು ಕಾಣುವುದು ಅಪರೂಪ.

ಇನ್ನು ಕಿವಿಯೊಳಗೆ ಹೊಕ್ಕ ವಸ್ತುಗಳು. ಎಣ್ಣೆ ತಕ್ಕ ಉಪಾಯವಾಗುವ ಪ್ರಸಂಗ ಇದೇ. ಜಿರಲೆಯೋ ಇರುವೆಯೋ ಜೀವಂತ ಹೊಕ್ಕು ಒದ್ದಾಡುತ್ತಿದ್ದರೆ, ತಮಟೆ ಮೊದಲೇ ಹರಿದಿಲ್ಲವೆಂದು, ಕಿವಿ ಸೋರುವ ರೋಗವಿಲ್ಲವೆಂದು ಖಚಿತವಿದ್ದಲ್ಲಿ, ಕಾಯಿಸದ ಕೊಬ್ಬರಿ ಎಣ್ಣೆಯ ಕೆಲವು ಹನಿಗಳಿಂದ ಹುಳ ಸತ್ತು ವೇದನೆ ನಿಲ್ಲುತ್ತದೆ. ಸತ್ತದ್ದನ್ನು ವೈದ್ಯರು ತೆಗೆಯುತ್ತಾರೆ. ಉಣುಗು ಮಾತ್ರ ಎಣ್ಣೆಗೆ ಸುಲಭವಾಗಿ ಬಗ್ಗದು, ಕಚ್ಚಿಕೊಂಡೇ ಇರುತ್ತದೆ. ಎಳೆದರೆ ಚರ್ಮವೂ ತಮಟೆಯೂ ಹರಿಯಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದಲೇ ಹರಡುವುದರಿಂದ, ಉಣುಗು ಕಚ್ಚಿದ ಎರಡು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಆ ಸಂಗತಿಯನ್ನು ಮರೆಯದೆ ಹೇಳಬೇಕು. ಮಕ್ಕಳು ಕಿವಿಗೆ ತುರುಕಿಕೊಂಡ ಕಡಲೆ, ಹೆಸರುಕಾಳುಗಳಿಗೆ ನೀರು ಬಿಟ್ಟರೆ ಅವು ಉಬ್ಬಿ ಇನ್ನಷ್ಟು ಬಿಗಿಯುತ್ತವೆ.

ಎಲ್ಲಕ್ಕಿಂತ ಅವಸರದ್ದು ಗುಂಡಿಯಾಕಾರದ ಪುಟ್ಟ ಬ್ಯಾಟರಿ. ಆಟಿಕೆ, ಗಡಿಯಾರ, ರಿಮೋಟುಗಳಲ್ಲಿ ಇರುವ ಇದು ಕಿವಿಯ ತೇವಕ್ಕೆ ಸೋಕಿದೊಡನೆ ವಿದ್ಯುತ್ತು ಹರಿಸಿ ಸುತ್ತ ತೀಕ್ಷ್ಣ ಕ್ಷಾರವನ್ನು ಉಂಟುಮಾಡುತ್ತದೆ. ಬೋರ್ಡೋ ತಯಾರಿಸುವಾಗ ಸುಣ್ಣದ ಹಾಲು ಕೈ ಸುಡುವುದನ್ನು ಕಂಡವರಿಗೆ ಕ್ಷಾರದ ಗುಣ ಗೊತ್ತು. ಕೆಲವೇ ಗಂಟೆಗಳಲ್ಲಿ ಚರ್ಮವನ್ನೂ ತಮಟೆಯನ್ನೂ ತಿಂದುಹಾಕಬಲ್ಲದು. ನೀರು, ಎಣ್ಣೆ, ಹನಿ ಯಾವುದನ್ನೂ ಹಾಕದೆ ಹೊರಡಬೇಕು, ರಾತ್ರಿಯಾದರೂ ಹೊರಡಬೇಕು.

ಹೊರಗೆ ಕಾಣುವ ಕಿವಿಹಾಲೆಯ ಗಾಯಗಳ ಬಗ್ಗೆ ಎರಡು ಮಾತು. ಪೆಟ್ಟಿನಿಂದ ಹಾಲೆಯೊಳಗೆ ರಕ್ತ ಕಟ್ಟಿ ಊದಿಕೊಂಡರೆ ಒಂದೆರಡು ದಿನಗಳಲ್ಲಿ ವೈದ್ಯರು ಅದನ್ನು ಬಸಿಯಬೇಕು. ಇಲ್ಲದಿದ್ದರೆ ಒಳಗಿನ ಮೃದ್ವಸ್ಥಿ ಸತ್ತು ಕಿವಿ ಮುದುಡುತ್ತದೆ. ನಾಯಿ ಕಚ್ಚಿಯೋ ಯಂತ್ರಕ್ಕೆ ಸಿಕ್ಕಿಯೋ ಕಿವಿಯ ತುಂಡು ಬೇರ್ಪಟ್ಟರೆ ಅದನ್ನು ಒದ್ದೆಯಾದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ ಒಯ್ಯಬೇಕು. ತುಂಡಿಗೆ ಮಂಜುಗಡ್ಡೆ ನೇರವಾಗಿ ತಾಗಬಾರದು. ನಾಯಿ ಕಚ್ಚಿದಲ್ಲಿ ಗಾಯವನ್ನು ಸಾಬೂನಿನಿಂದ ತೊಳೆದು ರೇಬೀಸ್ ಲಸಿಕೆ ಹಾಕಿಸುವುದು ಹೇಗೂ ಕಡ್ಡಾಯ.

ಕೊನೆಯದಾಗಿ ಸೋರುವ ಕಿವಿ. ವರ್ಷಗಟ್ಟಲೆ ಸೋರುತ್ತಿರುವ ಕಿವಿಯನ್ನು ಮಳೆಗಾಲದ ಸಂಗಾತಿಯೆಂದು ಒಪ್ಪಿಕೊಂಡ ಮನೆಗಳು ಮಲೆನಾಡಿನಲ್ಲಿ ಕಡಿಮೆಯಲ್ಲ. ದುರ್ವಾಸನೆಯ ಕೀವು ಬರುವ ಕಿವಿಯಲ್ಲಿ ಕೆಲವೊಮ್ಮೆ ಚರ್ಮದ ಗಡ್ಡೆಯೊಂದು ಬೆಳೆದು, ಮರದ ತಿರುಳನ್ನು ಹುಳ ತಿನ್ನುವಂತೆ, ಆ ಕಲ್ಲುಮೂಳೆಯನ್ನೂ ಸದ್ದಿಲ್ಲದೆ ಸವೆಸುತ್ತಿರುತ್ತದೆ. ಮರದಿಂದ ಬಿದ್ದಾಗ ಒಮ್ಮೆಗೇ ಆಗುವ ಹಾನಿ ಇಲ್ಲಿ ಹತ್ತು ವರ್ಷಗಳಲ್ಲಿ ಆಗುತ್ತದೆ. ಸೋರುವ ಕಿವಿಯವರಿಗೆ ಜ್ವರ, ಕಿವಿಯ ಹಿಂದೆ ಕೆಂಪಾದ ಬಾವು, ತಡೆಯಲಾರದ ತಲೆನೋವು, ವಾಂತಿ, ಮುಖ ಸೊಟ್ಟಗಾಗುವುದು, ಮಂಪರು ಇವುಗಳಲ್ಲಿ ಯಾವುದೊಂದು ಕಂಡರೂ ಸೋಂಕು ಮೂಳೆಯನ್ನು ದಾಟುತ್ತಿದೆಯೆಂದು ತಿಳಿದು ಅದೇ ದಿನ ಆಸ್ಪತ್ರೆ ಸೇರಬೇಕು.

ಯಾವ ಆಸ್ಪತ್ರೆ ಎಂಬುದು ಗುಡ್ಡಗಾಡಿನವರಿಗೆ ಸಣ್ಣ ಪ್ರಶ್ನೆಯಲ್ಲ. ಶಿರಸಿಯ ಕಡೆಯವರಿಗೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್ ದೂರ. ಶೃಂಗೇರಿಯ ಕಡೆಯವರು ಆಗುಂಬೆಯ ಘಾಟಿ ಇಳಿದು ಮಣಿಪಾಲ ತಲುಪಬೇಕು. ರಾತ್ರಿಯಲ್ಲೂ ಸ್ಕ್ಯಾನ್ ನಡೆಯುವ, ಕಿವಿತಜ್ಞರೂ ಮಿದುಳಿನ ಶಸ್ತ್ರವೈದ್ಯರೂ ಇರುವ ಆಸ್ಪತ್ರೆ ಹತ್ತಿರದಲ್ಲಿ ಎಲ್ಲಿದೆ, 108 ವಾಹನ ಯಾವ ಕ್ರಾಸಿನವರೆಗೆ ಬರುತ್ತದೆ, ಅಲ್ಲಿಯವರೆಗೆ ಹೊರಲು ಯಾರ ಮನೆಯ ಏಣಿ, ಯಾರ ಜೀಪು, ಇವನ್ನು ಮರದಿಂದ ಒಬ್ಬರು ಬಿದ್ದ ಮೇಲೆ ವಿಚಾರಿಸುವಂತಾಗಬಾರದು. ಈ ವರ್ಷ ಬೋರ್ಡೋ ಹೊಡೆಯುವ ಮೊದಲೇ ಪ್ರತಿ ಊರಿನ ವಿದ್ಯಾರ್ಥಿಗಳು ಇಷ್ಟನ್ನು ವಿಚಾರಿಸಿ, ದೊಡ್ಡ ಅಕ್ಷರಗಳಲ್ಲಿ ಬರೆದು, ಸೊಸೈಟಿಯ ಗೋಡೆಗೂ ಹಾಲಿನ ಡೇರಿಯ ಬಾಗಿಲಿಗೂ ಅಂಟಿಸಬಹುದು. ಅದರ ಕೆಳಗೆ ಒಂದು ಪೆನ್ನನ್ನೂ ಕೆಲವು ಖಾಲಿ ಚೀಟಿಗಳನ್ನೂ ದಾರದಲ್ಲಿ ಕಟ್ಟಿಟ್ಟರೆ, ಮುಖ ನೋಡಿದ ಹೊತ್ತನ್ನು ಬರೆದುಕೊಳ್ಳಲು ಹುಡುಕಾಡಬೇಕಾಗುವುದಿಲ್ಲ.